ಬ್ಯಾರಲ್ ಇಲ್ಲದ ಮನೆ

ತಿಕೋಟಾದಲ್ಲಿ ಮಾರ್ಚ್ ಬಂತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಿಲ್ಲ, ಮೂಗಿದ್ದರೆ ಸಾಕು. ತೋಟಗಳ ನಡುವಿನ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗಿ ಮಣೂಕ ಆಗುತ್ತಿರುತ್ತದೆ. ಅದಕ್ಕೆ ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುತ್ತಾರೆ. ಸಿಹಿಯೂ ಘಾಟೂ ಕೂಡಿದ ಆ ವಾಸನೆ ಮೊದಲು ಗಂಟಲು ಹಿಡಿಯುತ್ತದೆ, ಆಮೇಲೆ ಬಟ್ಟೆ. ಇಲ್ಲಿಯ ಆಸ್ಪತ್ರೆಯಲ್ಲಿ ನಾನು ಬಹಳ ವರ್ಷಗಳಿಂದ ನರ್ಸ್. ಉಳಿದವರು ಕಿಟಕಿ ಮುಚ್ಚುತ್ತಾರೆ, ನಾನು ಮುಚ್ಚುವುದಿಲ್ಲ.

ಹೋದ ವಾರ ಮಧ್ಯಾಹ್ನ ರೋಗಿಗಳ ಸಾಲು ಕರಗಿದ ಮೇಲೆ ರೇಖಾ ಫೋನು ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದಳು. ಕಳ್ಳಕವಟಗಿ ಊರಿನವಳು, ಈ ವರ್ಷ ನಮ್ಮಲ್ಲಿಗೆ ಸೇರಿದ ನರ್ಸ್. ಗಂಡನ ಕೆಲಸ ವಿಜಯಪುರದಲ್ಲಿ, ಅಲ್ಲೇ ಮನೆ ಹುಡುಕುತ್ತಿದ್ದಾಳೆ.

"ಅಕ್ಕಾ, ಇದೊಂದು ಮನಿ ಬಂದೈತಿ. ಖರೇ ಐತೋ ಸುಳ್ಳೋ ಸ್ವಲ್ಪ ನೋಡ್ರಿ. ಸುಜಾತಕ್ಕ ಬರೇ ಫೋಟೋ ನೋಡಿ ಹೇಳತಾರ ಅಂತ ಎಲ್ಲಾರೂ ಅಂತಾರ."

ಹೌದು, ನನಗೆ ಅಂಥದೊಂದು ಹೆಸರು ಬಂದುಬಿಟ್ಟಿದೆ. ಫೋನಿನಲ್ಲಿ ಬರುವ ಬಾಡಿಗೆ ಮನೆಗಳ ಜಾಹೀರಾತು ನೋಡಿ ಇದು ಮೋಸ, ಇದು ಮೋಸವಲ್ಲ ಎಂದು ಹೇಳುವವಳು ಎಂದು. ಬಾಡಿಗೆ ತೀರಾ ಕಡಿಮೆಯಿದ್ದರೆ, ಮಾಲೀಕ ದೂರದ ಊರಿನಲ್ಲಿದ್ದರೆ, ಮನೆ ತೋರಿಸುವ ಮೊದಲೇ ದುಡ್ಡು ಕೇಳಿದರೆ ಬೇಡ ಅನ್ನುತ್ತೇನೆ. ಇಷ್ಟು ಈಗ ಎಲ್ಲರಿಗೂ ಗೊತ್ತು. ಆದರೆ ನಾನು ಮೊದಲು ನೋಡುವುದು ಬಚ್ಚಲುಮನೆಯ ಫೋಟೋ. ಅದನ್ನು ನನಗೆ ಕಲಿಸಿದವಳು ಅವ್ವ, ಸಾಲಿಯ ಮೆಟ್ಟಿಲು ಹತ್ತದವಳು. ಅವಳು ಕಲಿಸಿದ ದಿನ ನಾನು ಕೇಳಿಸಿಕೊಳ್ಳಲಿಲ್ಲ. ರೇಖಾಳ ಫೋನು ಕೈಗೆ ತೆಗೆದುಕೊಂಡಾಗ ಕಿಟಕಿಯಿಂದ ಗಂಧಕದ ವಾಸನೆ ಒಳಗೆ ಬಂತು, ಮೂರು ವರ್ಷದ ಹಿಂದಿನ ಬೇಸಿಗೆಯೂ ಅದರ ಜೊತೆಗೇ ಬಂತು.

ಅವ್ವ ನಿಡೋಣಿಯವಳು. ಅಪ್ಪ ಬೇಗ ಹೋದ. ನನ್ನನ್ನು ಓದಿಸಿದ್ದು ಅವ್ವ ಮಣೂಕ ಆರಿಸಿ ತಂದ ಕೂಲಿ. ಸುಗ್ಗಿಯಲ್ಲಿ ತಿಕೋಟಾದ ಶೆಡ್ಡುಗಳಿಗೆ ಬಂದು, ಹೆಂಗಸರ ಸಾಲಿನಲ್ಲಿ ಕೂತು, ಮುಂದಿನ ರಾಶಿಯಿಂದ ಕಪ್ಪಾದದ್ದು, ಕಡ್ಡಿಯಿದ್ದದ್ದು, ಒಳಗೆ ಹುಳಿತದ್ದು ತೆಗೆಯುವ ಕೆಲಸ. ಮುಟ್ಟುವ ಮೊದಲೇ ಅವಳ ಕಣ್ಣಿಗೆ ಕೆಟ್ಟ ಕಾಳು ಬೀಳುತ್ತಿತ್ತು. ಕೆಲಸ ಮುಗಿಸಿ ಬಂದರೆ ಮೈಯೆಲ್ಲ ಗಂಧಕದ ವಾಸನೆ. ಬಾಯಲ್ಲಿ ತಂಬಾಕು ಇದ್ದೇ ಇರುತ್ತಿತ್ತು. ಬಿಡು ಬೇ ಎಂದು ನಾನು ಹೇಳಿದ್ದಕ್ಕೆ ಲೆಕ್ಕವಿಲ್ಲ. ಆ ವರ್ಷದ ಮಾರ್ಚಿನಲ್ಲಿ ಗಂಟಲಲ್ಲಿ ಗಂಟು ಕಂಡಿತು.

ವಿಜಯಪುರದ ದವಾಖಾನೆಯಲ್ಲಿ ಡಾಕ್ಟರು ಆರೂವರೆ ವಾರ ಕರೆಂಟ್ ಹಿಡಿಸಬೇಕು ಎಂದರು. ಕ್ಯಾನ್ಸರಿನ ರೇಡಿಯೇಶನ್ ಚಿಕಿತ್ಸೆಗೆ ನಮ್ಮ ಕಡೆ ಜನ ಹಾಗೇ ಅನ್ನುವುದು. ವಾರಕ್ಕೆ ಐದು ದಿನ, ಒಂದು ದಿನವೂ ತಪ್ಪುವ ಹಾಗಿಲ್ಲ. ತಿಕೋಟಾದ ನನ್ನ ಕ್ವಾರ್ಟರ್ಸಿನಿಂದ ಬಸ್ಸಿನಲ್ಲಿ ಕರೆತರುತ್ತೇನೆ ಎಂದೆ. ಅವರು ನನ್ನನ್ನು ನೋಡಿದರು. "ನೀವು ಸಿಸ್ಟರ್ ಇದ್ದೀರಿ, ನಿಮಗ ನಾ ಏನ್ ಹೇಳೋದು. ಎರಡು ವಾರಕ್ಕ ಉಗುಳು ನುಂಗಾಕ ಆಗೂದಿಲ್ಲ ಅವರಿಗೆ. ಈ ಬಿಸಿಲಾಗ ಬಸ್ಸಿನ್ಯಾಗ ಕುಂಡ್ರಸಬ್ಯಾಡ್ರಿ. ಇಲ್ಲೇ ಸಮೀಪ ಒಂದು ಖೋಲಿ ಹಿಡೀರಿ."

ಚಿಕಿತ್ಸೆ ಶುರುವಾಗಲು ಹತ್ತು ದಿನ ಇತ್ತು. ಹತ್ತು ದಿನದಲ್ಲಿ ಒಂದು ಖೋಲಿ ಸಿಗುವುದಿಲ್ಲವೇ ಎಂದುಕೊಂಡೆ. ಸಂಬಳ ಬರುವವಳು, ಸರ್ಕಾರಿ ನೌಕರಿ, ಇಬ್ಬರೇ ಹೆಂಗಸರು. ಇಂಥ ಬಾಡಿಗೆದಾರರನ್ನು ಕೈಮುಗಿದು ಕರೆದುಕೊಳ್ಳಬೇಕು.

ಡ್ಯೂಟಿ ಮುಗಿಸಿ ದಿನಾ ಬಸ್ಸು ಹತ್ತಿ ವಿಜಯಪುರಕ್ಕೆ ಹೋದೆ. ಬಾಡಿಗೆಗೆ ಇದೆ ಎಂಬ ಬೋರ್ಡು ಕಂಡ ಕಡೆಯೆಲ್ಲ ಗೇಟು ತಟ್ಟಿದೆ. ನೆತ್ತಿ ಸುಡುವ ಬಿಸಿಲಿನಲ್ಲಿ ಬಂದವಳನ್ನು ಒಳಗೆ ಕರೆದು, ತಣ್ಣೀರು ಕೊಟ್ಟು, ಮನೆ ತೋರಿಸುತ್ತಿದ್ದರು. ನಳ ವಾರಕ್ಕೆ ಎಷ್ಟು ಸಲ ಬರುತ್ತದೆ ಎಂದು ಹೇಳುತ್ತಿದ್ದರು. ಬೀಗದ ಕೈ ಕೈಯಲ್ಲಿರುವಾಗಲೇ ಆ ಪ್ರಶ್ನೆ ಬರುತ್ತಿತ್ತು.

"ನಿಮ್ಮ ಅಡ್ಡಹೆಸರು ಏನ್ರಿ?"

"ನಿಡೋಣಿ ಅಂತನ ಬರೀತೇನ್ರಿ."

"ಅದು ಊರಾತಲ್ಲರಿ. ಅಡ್ಡಹೆಸರು?"

ಮನೆತನದ ಆ ಹೆಸರು ಹೇಳುತ್ತಿದ್ದೆ. ಅಜ್ಜನ ಕಾಲಕ್ಕೆ ನಾವು ಊರ ಹೊರಗಿನ ಕೇರಿಯವರು, ಅಪ್ಪನ ಕಾಲಕ್ಕೆ ಬೌದ್ಧರಾದೆವು. ಕೇರಿ ಬಿಟ್ಟರೂ ಅಡ್ಡಹೆಸರು ಕೇರಿಯ ಗುರುತು ಬಿಡುವುದಿಲ್ಲ. ಕೇಳಿದರೆ ಹೇಳಬೇಕು, ನಾವೇನು ಕಳವು ಮಾಡಿಲ್ಲ ಎಂದು ಅವ್ವ ಸಣ್ಣಂದಿನಿಂದ ಹೇಳಿಕೊಟ್ಟಿದ್ದಳು. ಹೇಳಿದ ಮೇಲೆ ಬೀಗದ ಕೈ ಸೆರಗಿನ ಗಂಟಿಗೆ ಹೋಗುತ್ತಿತ್ತು. ಒಬ್ಬಾಕೆ, "ನಮ್ಮ ಮನ್ಯಾವ್ರನ್ನ ಒಂದ ಮಾತು ಕೇಳಿ ಫೋನ್ ಹಚ್ಚತೇನ್ರಿ" ಎಂದಳು. ಆ ಮನ್ಯಾವ್ರು ಅಲ್ಲೇ ಮಂಚದ ಮೇಲೆ ಪೇಪರು ಓದುತ್ತಾ ಕೂತಿದ್ದರು. ಇನ್ನೊಬ್ಬರಿಗೆ ಅದೇ ನಿಮಿಷಕ್ಕೆ ಮುಂಬಯಿಯ ಅಳಿಯ ವಾಪಸು ಬರುವುದು ನೆನಪಾಯಿತು. ನಾನು ನಗುನಗುತ್ತಲೇ ಹೊರಗೆ ಬರುತ್ತಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ಮುಖ ಉರಿಯುತ್ತಿತ್ತು.

ಆರು ದಿನ ಹೀಗೇ ಹೋಯಿತು. ಏಳನೆಯ ದಿನ ಬೋರ್ಡುಗಳ ಸಹವಾಸ ಬಿಟ್ಟು ಫೋನಿನಲ್ಲಿ ಹುಡುಕಿದೆ. ದವಾಖಾನೆಗೆ ನಡೆದು ಹೋಗುವಷ್ಟು ದೂರ, ಕೆಳಗಿನ ಮನೆ, ಎರಡು ಖೋಲಿ, ಬಾಡಿಗೆ ನನ್ನ ಅಳತೆಗೆ ತಕ್ಕದ್ದು. ಫೋಟೋದಲ್ಲಿ ಗೋಡೆಗಳು ಹಾಲಿನ ಬಣ್ಣ. ಅಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಹಿಂದಿಯಲ್ಲಿ ಮಾತಾಡುವ ಗಂಡಸು. ತಾನು ಮಿಲಿಟರಿಯಲ್ಲಿದ್ದೇನೆ, ಗಡಿಗೆ ವರ್ಗವಾಗಿದೆ, ಮನೆ ಖಾಲಿ ಬಿದ್ದಿದೆ, ಒಳ್ಳೆಯ ಜನಕ್ಕೆ ಕೊಡಬೇಕು ಎಂದ. ಅವ್ವನ ವಿಷಯ ಹೇಳಿದೆ. ಅವನ ದನಿ ಮೆತ್ತಗಾಯಿತು. ತನಗೂ ತಾಯಿಯಿದ್ದಾಳೆ ಎಂದ. ಎಷ್ಟು ಜನ, ಯಾವತ್ತು ಬರುತ್ತೀರಿ, ಇಷ್ಟೇ ಕೇಳಿದ. ಸಮವಸ್ತ್ರದ ಫೋಟೋ ಇರುವ ಗುರುತಿನ ಚೀಟಿ ಕಳಿಸಿದ. ಬೀಗದ ಕೈ ಕಾವಲುಗಾರನ ಹತ್ತಿರ ಇದೆ, ಒಳಗೆ ಬಿಡಲು ಪಾಸು ಮಾಡಿಸಬೇಕು, ಅದರ ದುಡ್ಡು ಆಮೇಲೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ ಎಂದ. ಈಗ ಬರೆಯುವಾಗ ಒಂದೊಂದು ಮಾತಿನಲ್ಲೂ ಮೋಸ ಕಾಣುತ್ತದೆ. ಆಗ ನನಗೆ ಕಂಡದ್ದು ಒಂದೇ: ಇವನು ಅಡ್ಡಹೆಸರು ಕೇಳಲಿಲ್ಲ.

ಆ ಸಂತೋಷ ಎಂಥದೆಂದು ಹೇಗೆ ಹೇಳಲಿ. ದೇಶ ಸುತ್ತಿದ ಮನುಷ್ಯ, ಎಲ್ಲರ ಜೊತೆ ಉಂಡವನು, ಇಂಥವರಿಗೆ ಇದೆಲ್ಲ ಇರುವುದಿಲ್ಲ ಎಂದು ನನಗೆ ನಾನೇ ವ್ಯಾಖ್ಯಾನ ಕೊಟ್ಟುಕೊಂಡೆ. ಸಂಜೆ ಕ್ವಾರ್ಟರ್ಸಿನಲ್ಲಿ ಅವ್ವನ ಪಕ್ಕ ಕೂತು ಫೋಟೋ ಒಂದೊಂದಾಗಿ ತೋರಿಸಿದೆ. ಅವಳು ಫೋನನ್ನು ಮೊರ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬಚ್ಚಲುಮನೆಯ ಫೋಟೋಕ್ಕೆ ಬಂದಾಗ ಮುಂದೆ ಹೋಗಲು ಬಿಡಲಿಲ್ಲ.

"ಇಲ್ಲಿ ಬ್ಯಾರಲ್ ಎಲ್ಲೈತಿ?"

"ಖಾಲಿ ಮನಿ ಬೇ ಅದು. ಬ್ಯಾರಲ್ ನಾವು ಒಯ್ಯಬೇಕು."

"ಒಯ್ದರ ಇಡಾಕ ಜಾಗಾ ಎಲ್ಲೈತಿ? ವಾರಕ್ಕೊಮ್ಮಿ ನಳಾ ಬರೋ ಊರಾಗ ನೀರ ಹಿಡಿಯಾಕ ಒಂದು ಟಾಕಿ ಇಲ್ಲ, ಮೂಲಿ ಇಲ್ಲ." ಆಮೇಲೆ ನಳದ ಮೇಲೆ ಬೆರಳಿಟ್ಟಳು. "ಇದು ನೋಡು, ಹೆಂಗ ಹೊಳೀತೈತಿ. ನಮ್ಮ ಸವಳ ನೀರಿಗೆ ವರ್ಷದಾಗ ಬೆಳ್ಳಗ ಉಪ್ಪಿನ ಹಕ್ಕಳಿ ಕಟ್ಟತೈತಿ. ಈ ಮನಿ ನಮ್ಮ ಕಡೀದಲ್ಲ, ಸುಜಾತಾ."

ನನಗೆ ಸಿಟ್ಟು ಬಂತು. ಆರು ದಿನದ ಬಿಸಿಲು ಮತ್ತು ಆರು ದಿನದ ಅವಮಾನ ಎರಡೂ ಸೇರಿ ಅವಳ ಮೇಲೆ ಬಿತ್ತು. "ನಿನಗ ಫೋನಿನ್ಯಾಗಿಂದು ಏನ್ ತಿಳೀತೈತಿ ಬೇ. ಮಣೂಕ ಆರಿಸಿದಂಗ ಅಲ್ಲ ಇದು" ಎಂದೆ. ಅವಳು ಫೋನು ನನ್ನ ಕೈಗೆ ಕೊಟ್ಟಳು. ಮರುದಿನ ಅವನು ಕೇಳಿದಷ್ಟು ಕಳಿಸಿದೆ, ಅದರ ಮರುದಿನ ಮುಂಗಡವನ್ನೂ ಕಳಿಸಿದೆ.

ಭಾನುವಾರ ಮುಂಜಾನೆ ಸಣ್ಣ ಟೆಂಪೋದಲ್ಲಿ ಗ್ಯಾಸಿನ ಒಲೆ, ಎರಡು ಹಾಸಿಗೆ, ಒಂದು ಟ್ರಂಕು ಹೇರಿಸಿದೆ. ಅವಳ ಮಾತಿಗೆ ಬೆಲೆ ಕೊಟ್ಟ ಹಾಗಾಗಲಿ ಎಂದು ಎರಡು ನೀಲಿ ಬ್ಯಾರಲ್ಲುಗಳನ್ನೂ ಇಡಿಸಿದೆ. ಅವ್ವ ಮುಂದಿನ ಸೀಟಿನಲ್ಲಿ ಬುದ್ಧನ ಫೋಟೋವನ್ನು ಚಾದರಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅದು ಅಪ್ಪ ತಂದದ್ದು. ಯಾವ ಮನೆಗೆ ಹೋದರೂ ಮೊದಲು ಒಳಗೆ ಹೋಗುವುದು ಅದು, ಆಮೇಲೆ ನಾವು. ಇದು ಅಪ್ಪನ ಕಾಲದಿಂದ ನಡೆದುಬಂದದ್ದು.

ಓಣಿ ಇತ್ತು, ಮನೆಯ ನಂಬರೂ ಇತ್ತು. ಕಾವಲುಗಾರ ಇರಲಿಲ್ಲ. ಬಾಗಿಲು ತೆಗೆದ ಹೆಂಗಸಿನ ಕೈಗೆ ಹಿಟ್ಟು ಮೆತ್ತಿತ್ತು, ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಟೆಂಪೋ ನೋಡಿದಳು, ನನ್ನನ್ನು ನೋಡಿದಳು, ನಾನು ಮಾತಾಡುವ ಮೊದಲೇ ಅವಳಿಗೆ ತಿಳಿಯಿತು.

"ಫೋನಿನ್ಯಾಗ ನೋಡಿ ಬಂದೀರೇನ್ರಿ? ನೀವು ಮೂರನೇದವ್ರು ನೋಡ್ರಿ. ಈ ಮನಿ ನಮ್ಮದು, ಬಾಡಿಗಿಗೆ ಇಲ್ಲ. ಯಾರೋ ನಮ್ಮ ಮನಿ ನಂಬರ ಹಾಕ್ಯಾನ."

ಅವನ ಫೋನು ಬಂದ್ ಆಗಿತ್ತು. ಆಮೇಲೆ ದೂರು ಕೊಟ್ಟೆ, ಬರೆದುಕೊಂಡರು, ದುಡ್ಡು ಬರಲಿಲ್ಲ. ಅದು ದೊಡ್ಡ ಮಾತಲ್ಲ. ಆ ಹೊತ್ತಿಗೆ ನನ್ನನ್ನು ಕುಸಿಯುವಂತೆ ಮಾಡಿದ್ದು ಬೇರೆ. ಮನೆ ಇದ್ದವರಿಗೆ ಅಡ್ಡಹೆಸರು ಬೇಕು. ಅವನಿಗೆ ಮನೆಯೇ ಇರಲಿಲ್ಲ, ಅದಕ್ಕೇ ಕೇಳಲಿಲ್ಲ. ಅದನ್ನು ನಾನು ದೊಡ್ಡತನ ಎಂದುಕೊಂಡಿದ್ದೆ.

ಅವ್ವ ಆ ಮನೆಯ ಕಟ್ಟೆಯ ಮೇಲೆ ಕೂತಳು, ತೊಡೆಯ ಮೇಲೆ ಫೋಟೋ. "ನಾ ಹೇಳಿದ್ನಿ" ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬೆಳಗಾದರೆ ಸೋಮವಾರ, ಮೊದಲ ಕರೆಂಟು. ಟೆಂಪೋದವನು ಬೇರೆ ಬಾಡಿಗೆ ಇದೆ ಎಂದು ಅವಸರ ಮಾಡುತ್ತಿದ್ದ. ಅವ್ವನನ್ನು ಅಲ್ಲೇ ಬಿಟ್ಟು ನಾನೊಬ್ಬಳೇ ಎರಡು ಓಣಿ ದಾಟಿ ಹೋದೆ. ಒಂದು ಗೇಟಿಗೆ ಬೋರ್ಡು ತೂಗಾಡುತ್ತಿತ್ತು. ಮನೆಯ ಹಿಂದೆ ಒಂದು ಖೋಲಿ, ಒಂದು ಬಚ್ಚಲು. ಮಾಲೀಕಳು ಶಾಂತಕ್ಕ, ಅರವತ್ತರ ಹತ್ತಿರದ ವಿಧವೆ, ಮೆತ್ತನೆಯ ಮಾತಿನವಳು. ಅವ್ವನ ಕಾಯಿಲೆ ಕೇಳಿ "ಅಯ್ಯ ಪಾಪ" ಎಂದು ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಅದನ್ನೂ ಕೇಳಿದಳು.

ನನ್ನ ಜೊತೆ ನರ್ಸಿಂಗ್ ಓದಿದ ಗೆಳತಿಯ ಅಡ್ಡಹೆಸರು ಹೇಳಿದೆ. ನಾಲಿಗೆ ತೊದಲಲಿಲ್ಲ. ಶಾಂತಕ್ಕನ ಮುಖ ಅರಳಿತು. "ಹಂಗಾರ ನಮ್ಮವರ ಆದ್ರಿ" ಎಂದು ಬೀಗದ ಕೈ ಕೊಟ್ಟಳು. ಆಧಾರ್ ಆಮೇಲೆ ಕೊಡುತ್ತೇನೆ ಎಂದೆ, ಮೊದಲು ತಾಯಿಯನ್ನು ಕರೆದುಕೊಂಡು ಬಾ ಎಂದಳು. ಮುಂದೆ ಅವಳು ಅದನ್ನು ಕೇಳಲೇ ಇಲ್ಲ.

ವಾಪಸು ಬಂದು, ಕಟ್ಟೆಯ ಹತ್ತಿರ ಬಗ್ಗಿ, ಯಾವ ಹೆಸರು ಹೇಳಿ ಖೋಲಿ ಹಿಡಿದೆ ಎಂದು ಅವ್ವನಿಗೆ ತಿಳಿಸಿದೆ. ಅವಳು "ಇದು?" ಎಂದು ತೊಡೆಯ ಮೇಲಿನ ಫೋಟೋ ತೋರಿಸಿದಳು. ಶೋಕೇಸಿನಲ್ಲಿ ಇಡುವ ಬುದ್ಧ ಯಾರ ಮನೆಯಲ್ಲಾದರೂ ಇರುತ್ತಾನೆ. ನಮ್ಮವ್ವ ಗೋಡೆಗೆ ತೂಗಿಹಾಕಿ, ಬಿಳಿ ಹೂ ಇಟ್ಟು, ಮೇಣದಬತ್ತಿ ಹಚ್ಚಿ ಕೈಮುಗಿಯುವ ಬುದ್ಧನನ್ನು ನೋಡಿದವರು ಆಮೇಲೆ ಅಡ್ಡಹೆಸರು ಕೇಳಬೇಕಾಗುವುದಿಲ್ಲ. "ಒಂದೂವರಿ ತಿಂಗಳ ಟ್ರಂಕಿನ್ಯಾಗ ಇರಲಿ ಬೇ" ಎಂದೆ. ಅವಳೇ ತನ್ನ ಕೈಯಿಂದ ಸೀರೆಗಳ ನಡುವೆ ಇಟ್ಟಳು.

ಆ ಬೇಸಿಗೆ ವಿಜಯಪುರದಲ್ಲಿ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ನಾನು ಮುಂಜಾನೆ ತಿಕೋಟಾಕ್ಕೆ ಹೋಗಿ, ಮಧ್ಯಾಹ್ನ ಓಡಿ ಬಂದು ಅವ್ವನನ್ನು ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದೆ. ನಳ ಬರುವ ದಿನ ಶಾಂತಕ್ಕ ತಾನೇ ಪೈಪು ಎಳೆದು ನಮ್ಮ ಬ್ಯಾರಲ್ ತುಂಬಿಸಿಡುತ್ತಿದ್ದಳು. ಎರಡನೆಯ ವಾರಕ್ಕೆ ಅವ್ವನಿಗೆ ರೊಟ್ಟಿ ನುಂಗಲು ಆಗದಾಯಿತು. ಅದು ತಿಳಿದ ದಿನದಿಂದ ಶಾಂತಕ್ಕ ದಿನಾ ಜೋಳದ ನುಚ್ಚು ಮೆತ್ತಗೆ ಕುದಿಸಿ, ಮಜ್ಜಿಗೆ ಕಲೆಸಿ, ಸ್ಟೀಲಿನ ಬಟ್ಟಲಲ್ಲಿ ತರುತ್ತಿದ್ದಳು. ಹೊಸ್ತಿಲ ಒಳಗೆ ಕೂತು, ಅವ್ವ ತಿಂದು ಮುಗಿಸುವ ತನಕ ಸೆರಗಿನಿಂದ ಗಾಳಿ ಹಾಕಿ, ಎಂಜಲು ಬಟ್ಟಲನ್ನು ಕೈಯಾರೆ ಒಯ್ಯುತ್ತಿದ್ದಳು. ಅವಳು ಕೆಟ್ಟವಳು ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ನಿಮ್ಮ ಬೀಗರು ಯಾವ ಊರು, ಮನೆದೇವರು ಯಾವುದು ಎಂದು ಕೇಳುತ್ತಿದ್ದಳು. ನಾನು ಗೆಳತಿಯ ಮನೆತನವನ್ನೆಲ್ಲ ನೆನಪು ಮಾಡಿಕೊಂಡು ಹೇಳುತ್ತಿದ್ದೆ. ಅವ್ವನಿಗೆ ಆ ಕಷ್ಟ ಬರಲಿಲ್ಲ, ಮೂರನೆಯ ವಾರಕ್ಕೆ ಅವಳ ದನಿಯೇ ಹೋಯಿತು.

ಮೇ ತಿಂಗಳಲ್ಲಿ ಬುದ್ಧ ಪೂರ್ಣಿಮೆ ಬಂತು. ಅವ್ವ ಸನ್ನೆ ಮಾಡಿ ಬಾಗಿಲು ಹಾಕಿಸಿದಳು. ಟ್ರಂಕಿನ ಮುಚ್ಚಳ ತೆಗೆದು, ಸೀರೆ ಸರಿಸಿ, ಫೋಟೋವನ್ನು ಅಲ್ಲೇ ಒರಗಿಸಿ, ಮುಂದೆ ಒಂದು ಮೇಣದಬತ್ತಿ ಹಚ್ಚಿದಳು. ಬತ್ತಿ ಆರಬಾರದೆಂದು ಫ್ಯಾನು ಬಂದ್ ಮಾಡಿದ್ದೆ. ಇಬ್ಬರೂ ಬೆವರಿನಲ್ಲಿ ತೊಯ್ದು ಕೂತಿದ್ದೆವು. ಆಗ ಅವಳು ಮಾತಾಡಿದಳು. ಬರೀ ಉಸಿರು, ಕಿವಿಯನ್ನು ಬಾಯಿಯ ಹತ್ತಿರ ಒಯ್ದು ಕೇಳಿಸಿಕೊಂಡೆ.

"ಆ ಮಿಲಿಟರಿಯಂವಾ ಸುಳ್ಳ ಹೆಸರ ಹೇಳಿ ನಮ್ಮ ರೊಕ್ಕಾ ತಿಂದ. ನಾವು ಸುಳ್ಳ ಹೆಸರ ಹೇಳಿ ಆಕಿ ನುಚ್ಚು ತಿನ್ನಾಕತ್ತೇವಿ."

ನಿನ್ನ ಜೀವಕ್ಕಾಗಿ ಮಾಡಿದೆ ಎಂದೆ. ಹೌದು ಎಂದು ತಲೆಯಾಡಿಸಿದಳು. ನನ್ನನ್ನು ಬೈಯಲಿಲ್ಲ, ಒಪ್ಪಲೂ ಇಲ್ಲ.

ಚಿಕಿತ್ಸೆ ಮುಗಿಯಿತು. ಖೋಲಿ ಬಿಡುವ ದಿನ ನಾನು ಟೆಂಪೋ ಕರೆಯಲು ಹೋಗಿ ಬರುವಷ್ಟರಲ್ಲಿ ಅವ್ವ ಟ್ರಂಕು ತೆಗೆದಿದ್ದಳು. ಗೋಡೆಯಲ್ಲಿ ಕ್ಯಾಲೆಂಡರಿಗೆ ಹೊಡೆದ ಮೊಳೆಯಿತ್ತು. ಕ್ಯಾಲೆಂಡರ್ ತೆಗೆದು ಫೋಟೋ ಹಾಕಿದ್ದಳು. ಕೆಳಗೆ ಮೇಣದಬತ್ತಿ ಉರಿಯುತ್ತಿತ್ತು. ಬಾಗಿಲು ಪೂರ್ತಿ ತೆರೆದಿತ್ತು. ನಾನು ಏನಾದರೂ ಅನ್ನುವ ಮೊದಲೇ ಶಾಂತಕ್ಕ ಬಟ್ಟಲು ಹಿಡಿದು ಬಂದಳು. ಹೊಸ್ತಿಲ ಮೇಲೆ ನಿಂತಳು. ಗೋಡೆ ನೋಡಿದಳು, ಅವ್ವನನ್ನು ನೋಡಿದಳು.

"ಮೊದಲ ಹೇಳಬಾರದಾಗಿತ್ತೇನ್ರಿ?" ಎಂದಳು. ದನಿ ಗಟ್ಟಿಯೇನೂ ಇರಲಿಲ್ಲ.

"ಹೇಳಿದ್ರ ಕೊಡತಿದ್ರೇನ್ರಿ?" ಅವ್ವನ ಮಾತು ಉಸಿರಿನಷ್ಟೇ ಇತ್ತು, ಆದರೂ ಮುಟ್ಟಬೇಕಾದಲ್ಲಿಗೆ ಮುಟ್ಟಿತು.

ಶಾಂತಕ್ಕ ಬಟ್ಟಲನ್ನು ಹೊಸ್ತಿಲ ಹೊರಗೆ ನೆಲದ ಮೇಲಿಟ್ಟು ಹೋದಳು. ಅವ್ವ ಅದನ್ನು ಎತ್ತಿಕೊಂಡು ಬಂದು, ನಿಧಾನವಾಗಿ, ಪೂರ್ತಿ ತಿಂದಳು. ನಾನು ತೊಳೆದು ಕೊಡಲು ಹೋದಾಗ ಶಾಂತಕ್ಕ ಒಳಗಿನಿಂದಲೇ "ಅಲ್ಲೇ ಕಟ್ಟಿ ಮ್ಯಾಲ ಇಡ್ರಿ" ಎಂದಳು. ಟೆಂಪೋ ಹೊರಟಾಗ ತಿರುಗಿ ನೋಡಿದೆ. ಬಟ್ಟಲು ಬಿಸಿಲಿನಲ್ಲಿ ಕಟ್ಟೆಯ ಮೇಲೇ ಇತ್ತು.

ಅವ್ವ ಮಳೆಗಾಲ ಮುಗಿಯುವುದರೊಳಗೆ ನಿಡೋಣಿಯಲ್ಲಿ ತೀರಿಕೊಂಡಳು. ಕಾಯಿಲೆ ಮೊದಲೇ ಹಬ್ಬಿತ್ತು, ಯಾರದೂ ತಪ್ಪಿಲ್ಲ ಎಂದು ಡಾಕ್ಟರು ಹೇಳಿದರು. ಕಾಯಿಲೆಯ ಮಟ್ಟಿಗೆ ಅದು ನಿಜ. ಆದರೆ ಅವಳಿಗೆ ಉಳಿದಿದ್ದದ್ದು ಒಟ್ಟು ಐದು ತಿಂಗಳು. ಅದರಲ್ಲಿ ಆರೂವರೆ ವಾರ ನಾನು ಅವಳನ್ನು ಇನ್ನೊಬ್ಬರ ಹೆಸರಿನಲ್ಲಿ ಇಟ್ಟಿದ್ದೆ. ಇದನ್ನು ನನಗೆ ಇವತ್ತಿಗೂ ನುಂಗಲಾಗುವುದಿಲ್ಲ.

"ಅಕ್ಕಾ, ಏನಾತ್ರಿ? ನೋಡ್ರಲ್ಲ" ಎಂದಳು ರೇಖಾ.

ಬಚ್ಚಲುಮನೆಯ ಫೋಟೋ ತೆಗೆದೆ. ಮೂಲೆಯಲ್ಲಿ ನೀಲಿ ಬ್ಯಾರಲ್ ಇತ್ತು. ನಳದ ಬಾಯಿಗೆ ಬಿಳಿ ಹಕ್ಕಳಿ ಕಟ್ಟಿತ್ತು. ಮುಂದಿನ ಫೋಟೋದಲ್ಲಿ ಖೋಲಿ. ಗೋಡೆಗೆ ಹೊಸ ಬಣ್ಣ ಬಳಿದಿದ್ದರು, ಮೊಳೆ ಮಾತ್ರ ಅದೇ ಜಾಗದಲ್ಲಿತ್ತು. ಅದರ ಮುಂದಿನದರಲ್ಲಿ ಬಟ್ಟಲು ಇಟ್ಟು ಬಂದ ಕಟ್ಟೆ.

"ಖರೇ ಐತಿ" ಎಂದೆ. ಮುಂದಿನದನ್ನು ಹೇಳಬೇಕಿತ್ತು. ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತಿರುವಾಗಲೇ ಅವಳು ಖುಷಿಯಿಂದ ನಂಬರು ಒತ್ತಿ ಸ್ಪೀಕರ್ ಹಾಕಿಬಿಟ್ಟಳು. ಮೂರು ವರ್ಷದಲ್ಲಿ ಶಾಂತಕ್ಕನ ದನಿ ಏನೂ ಬದಲಾಗಿರಲಿಲ್ಲ. ನರ್ಸ್ ಎಂದು ಕೇಳಿ "ಭಾಳ ಚಲೋ ಆತವಾ, ಇವತ್ತ ಬಂದು ಮನಿ ನೋಡು" ಎಂದಳು. ನೀರಿಗೆ ತೊಂದರೆಯಿಲ್ಲ ಎಂದಳು. ಆಮೇಲೆ, "ಅಡ್ಡಹೆಸರು ಏನವಾ?" ಎಂದಳು.

ರೇಖಾ ನನ್ನ ಮುಖ ನೋಡಿದಳು. ಅವಳೂ ನಮ್ಮ ಮಂದಿಯೇ. ಮೂರು ವರ್ಷದ ಹಿಂದೆ ನಾನು ಹೇಳಿದ ಹೆಸರು ನನ್ನ ಬಾಯಿಯ ತುದಿಯಲ್ಲೇ ಇತ್ತು, ಒಂದು ಚೀಟಿಯಲ್ಲಿ ಬರೆದು ತೋರಿಸಿದರೆ ಅವಳಿಗೆ ಸಂಜೆಯೊಳಗೆ ಮನೆ. ನಾನು ಪೆನ್ನು ಮುಟ್ಟಲಿಲ್ಲ. ಅವಳು ನನ್ನಿಂದ ಕಣ್ಣು ತೆಗೆದು, ತನ್ನ ಅಡ್ಡಹೆಸರನ್ನು ಹಾಜರಿ ಕೂಗಿದಾಗ ಹೇಳುವ ಹಾಗೆ ಸ್ಪಷ್ಟವಾಗಿ ಹೇಳಿದಳು.

ಆ ಕಡೆಯಿಂದ ಬ್ಯಾರಲ್ಲಿಗೆ ನೀರು ಬೀಳುವ ಸಪ್ಪಳ ಕೇಳುತ್ತಿತ್ತು.

"ಮನಿ ಮುಂಜಾನೇನ ಕೊಟ್ಟೇವಲ್ಲವಾ" ಎಂದಳು ಶಾಂತಕ್ಕ.

ಫೋನು ಕಟ್ಟಾಯಿತು. ಜಾಹೀರಾತು ಇನ್ನೂ ಅಲ್ಲೇ ಇತ್ತು. ರೇಖಾ ಅದನ್ನೇ ನೋಡುತ್ತಾ ಕೇಳಿದಳು, "ಅಕ್ಕಾ, ನೀವು ಖರೇ ಐತಿ ಅಂದ್ರಲ್ಲ?"

"ಮನಿ ಖರೇನ ಐತವಾ" ಎಂದೆ.